ಏಳನೆಯದು

ಈ ಊರಿನಲ್ಲಿ ನನ್ನನ್ನು ಏಳನೆಯವಳು ಎಂದು ಕರೆಯುತ್ತಾರೆ. ಹೊಸಬರು ಕೇಳಿದರೆ, ಪಾಪ, ಇವರಮ್ಮ ಸಾಲಾಗಿ ಏಳು ಹೆತ್ತಿರಬೇಕು ಎಂದುಕೊಳ್ಳುತ್ತಾರೆ. ನಮ್ಮಮ್ಮ ಹೆತ್ತದ್ದು ಎರಡೇ. ಮೊದಲನೆಯವನು ಅಣ್ಣ. ಅವನಾದ ಎಂಟು ವರ್ಷಕ್ಕೆ ನಾನು. ಎರಡನೆಯವಳು ಏಳನೆಯವಳಾದದ್ದು ಹೇಗೆ ಎಂಬುದೇ ಅಮ್ಮನ ಕಥೆ. ಅದನ್ನು ನಾನು ಸಮಾಧಾನದಿಂದ ಹೇಳುತ್ತೇನೆ ಎಂದು ಯಾರೂ ಎದುರು ನೋಡಬಾರದು. ಅಮ್ಮ ನಲವತ್ತೊಂದು ವರ್ಷ ಸಮಾಧಾನದಿಂದಲೇ ಇದ್ದಳು. ಅದರಿಂದ ಅವಳಿಗೆ ಸಿಕ್ಕಿದ್ದೇನು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಮೂವತ್ತೈದು ವರ್ಷ ದುಡಿದಳು. ಆಸ್ಪತ್ರೆಯ ಹಿಂಭಾಗದಲ್ಲಿ, ಅಡುಗೆಮನೆಗೂ ಶವಾಗಾರಕ್ಕೂ ನಡುವೆ ಇರುವ ತಗಡಿನ ಛಾವಣಿಯ ಉದ್ದ ಕೋಣೆ ಅದು. ವಾರ್ಡುಗಳಿಂದ ಬಂದ ಗಂಟುಗಳನ್ನು ಬಿಚ್ಚಿ ರಕ್ತದ್ದು ಬೇರೆ, ಮಲಮೂತ್ರದ್ದು ಬೇರೆ, ಬರೀ ಬೆವರಿನದು ಬೇರೆ ಎಂದು ವಿಂಗಡಿಸಬೇಕು. ಆಗ ಯಂತ್ರಗಳಿರಲಿಲ್ಲ. ಹಂಡೆಗಳಲ್ಲಿ ಸೋಡಾ ಹಾಕಿ ಕುದಿಸಿ, ಮರದ ಕೋಲಿನಿಂದ ತಿರುವಿ, ಜಾಲಿಸಿ, ನೀಲಿ ಹಾಕಿ, ಇಬ್ಬಿಬ್ಬರು ಎದುರುಬದುರು ನಿಂತು ಹಿಂಡಬೇಕಿತ್ತು. ಅಮ್ಮನ ಅಂಗೈ ಯಾವಾಗಲೂ ಬಿಸಿನೀರಿಗೆ ಸುಕ್ಕಾಗಿ ಬಿಳುಚಿಕೊಂಡಿರುತ್ತಿತ್ತು. ಆಸ್ಪತ್ರೆಯ ಚಾದರಗಳ ಅಂಚಿನಲ್ಲಿ ಕೆಂಪು ನೂಲಿನ ಒಂದು ಗೆರೆ ಇತ್ತು. ಆ ಗೆರೆಯ ಬಟ್ಟೆ ಗೇಟು ದಾಟುವಂತಿರಲಿಲ್ಲ. ಸಂಜೆ ಹೊರಡುವಾಗ ಪ್ರತಿಯೊಬ್ಬಳ ಚೀಲ, ಜೇಬು ನೋಡಿಯೇ ಹೊರಗೆ ಬಿಡುತ್ತಿದ್ದವಳು ಅಲ್ಲಿನ ಮೇಲ್ವಿಚಾರಕಿ. ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಈಗ ಆ ಮೇಲ್ವಿಚಾರಕಿಯ ಜಾಗದಲ್ಲಿ ನಾನಿದ್ದೇನೆ. ಹಂಡೆಗಳು ಹೋಗಿ ಯಂತ್ರಗಳು ಬಂದಿವೆ, ಕೆಂಪು ಗೆರೆ ಹೋಗಿ ನೀಲಿ ಮುದ್ರೆ ಬಂದಿದೆ.

ಊರಿನಲ್ಲಿ ಎರಡು ಚರ್ಚುಗಳಿವೆ. ಎರಡಕ್ಕೂ ಬಾಯಿ ತುಂಬುವಂಥ ಹೆಸರುಗಳಿವೆ. ನಮ್ಮ ಬೀದಿಯವರ ಬಾಯಲ್ಲಿ ಮಾತ್ರ ಒಂದು ಮೇಣದಬತ್ತಿ ಚರ್ಚು, ಇನ್ನೊಂದು ಬೋಳುಗೋಡೆ ಚರ್ಚು. ಮೇಣದಬತ್ತಿಯಲ್ಲಿ ಪ್ರತಿಮೆಗಳಿವೆ, ದೀಪಗಳಿವೆ, ಪಾಪ ಹೇಳಿಕೊಳ್ಳಲು ಜಾಲರಿಯ ಒಂದು ಗೂಡಿದೆ. ಬೋಳುಗೋಡೆಯಲ್ಲಿ ಇವೊಂದೂ ಇಲ್ಲ. ಸುಣ್ಣದ ಗೋಡೆ, ಮರದ ಬೆಂಚು, ಒಂದು ಮೇಜು. ಆ ಮೇಜಿನ ಮೇಲೆ ವರ್ಷಕ್ಕೆ ನಾಲ್ಕು ಸಲ ರೊಟ್ಟಿ ಮತ್ತು ದ್ರಾಕ್ಷಾರಸದ ಬಟ್ಟಲನ್ನು ಇಟ್ಟು, ಬೆಂಚಿನಿಂದ ಬೆಂಚಿಗೆ ಕೈಯಿಂದ ಕೈಗೆ ಸಾಗಿಸುತ್ತಾರೆ. ಅಮ್ಮ ಮೇಣದಬತ್ತಿಯವಳು, ಅಪ್ಪ ಬೋಳುಗೋಡೆಯವರು. ಮದುವೆಯಾದಾಗ ಅಮ್ಮ ಈ ಕಡೆಗೆ ಬಂದಳು. ಬರುವಾಗ ಒಂದು ಚಮಚವನ್ನೂ ತರಲಿಲ್ಲ ಎಂದು ಅಪ್ಪನ ಅಕ್ಕ, ನನ್ನ ಅತ್ತೆ, ಸಾಯುವವರೆಗೂ ಗೊಣಗಿದಳು. ಅಮ್ಮ ತಂದದ್ದು ಒಂದಿತ್ತು: ಚಿಕ್ಕಂದಿನ ಬಾಯಿಪಾಠ. ಜಾಲರಿಯ ಮುಂದೆ ಮೊಣಕಾಲೂರಿ, ದೇವರ ಹತ್ತು ಆಜ್ಞೆಗಳಲ್ಲಿ ಎಷ್ಟನೆಯದನ್ನು ಮೀರಿದೆ, ಎಷ್ಟು ಸಲ ಮೀರಿದೆ ಎಂದು ಚುಟುಕಾಗಿ ಹೇಳುವುದನ್ನು ಅಲ್ಲಿನ ಮಕ್ಕಳಿಗೆ ಕಲಿಸುತ್ತಾರೆ. ಅದು ಅವಳ ನಾಲಗೆಯಲ್ಲಿ ಅಚ್ಚಾಗಿತ್ತು.

ಅಪ್ಪ ಕಲ್ಲಿನಲ್ಲಿ ಅಕ್ಷರ ಕೆತ್ತುವವರು. ಸಮಾಧಿಯ ಕಲ್ಲುಗಳೇ ಹೆಚ್ಚು. ಊರಿನ ಸತ್ತವರೆಲ್ಲ ಅವರ ಉಳಿಯ ಕೆಳಗೆ ಹಾದುಹೋದವರೇ. ಬೋಳುಗೋಡೆ ಚರ್ಚಿನಲ್ಲಿರುವ ಒಂದೇ ಒಂದು ಅಲಂಕಾರವೂ ಅವರದೇ ಕೆಲಸ: ದಶಾಜ್ಞೆಯ ಕಲ್ಲು. ಅದನ್ನು ಕೆತ್ತಲು ಹೇಳಿದಾಗ ಅಪ್ಪನಿಗೆ ಇಪ್ಪತ್ತೆರಡು ವರ್ಷ. ಆಜ್ಞೆಗಳ ಮಾತು ಹಳೆಯ ಅನುವಾದದಲ್ಲಿರಬೇಕೋ ಹೊಸದರಲ್ಲಿರಬೇಕೋ ಎಂದು ಸಭೆಯ ಹಿರಿಯರು ಎರಡು ವರ್ಷ ಕಿತ್ತಾಡಿದರು. ಒಬ್ಬರ ಮುಖ ಒಬ್ಬರು ನೋಡದ ಸ್ಥಿತಿಗೆ ಬಂದಾಗ ಒಂದು ರಾಜಿಯಾಯಿತು. ಮಾತೇ ಬೇಡ, ಅಂಕಿ ಸಾಕು. ಹಾಗಾಗಿ ಆ ಕಲ್ಲಿನ ಮೇಲೆ ಒಂದರಿಂದ ಹತ್ತರವರೆಗೆ ಬರೀ ಅಂಕಿಗಳಿವೆ. ಅಂಕಿಯ ಮುಂದೆ ಏನಿದೆ ಎಂಬುದು ಎಲ್ಲರಿಗೂ ಗೊತ್ತಿದೆ ಎಂದು ಎಲ್ಲರೂ ನಂಬಿದರು. ಅಪ್ಪನೂ ಮನೆಯಲ್ಲಿ ಅಂಕಿಯಲ್ಲೇ ಬೈಯುತ್ತಿದ್ದರು. ಅಣ್ಣ ಎದುರು ಮಾತಾಡಿದರೆ "ಐದು!" ಎಂದು ಗುಡುಗುತ್ತಿದ್ದರು. ಅವರ ಲೆಕ್ಕದಲ್ಲಿ ಐದು ಎಂದರೆ ತಂದೆತಾಯಿಯನ್ನು ಗೌರವಿಸು. "ಯಾಕೆ?" ಎಂದು ಅಣ್ಣ ಒಮ್ಮೆ ಕೇಳಿದ್ದಕ್ಕೆ, "ಆಜ್ಞೆಗೆ ಯಾಕೆ ಅಂತ ಕೇಳೋ ಹಾಗಿಲ್ಲ" ಎಂದು ಕಿವಿ ಹಿಂಡಿದ್ದರಂತೆ. ದೇವರು ಹೇಳಿದ ಮೇಲೆ ಮುಗಿಯಿತು. ದೇವರು ಹೇಳಿದ್ದು ತನಗೆ ಸರಿಯಾಗಿ ಕೇಳಿಸಿತೇ ಎಂಬ ಅನುಮಾನ ಆ ಮನುಷ್ಯನಿಗೆ ಜನ್ಮದಲ್ಲಿ ಬರಲಿಲ್ಲ.

ರೊಟ್ಟಿ, ಬಟ್ಟಲಿನ ಆ ಮೇಜಿನ ಭೋಜನಕ್ಕೆ ಮುಂಚಿನ ವಾರ ಸಭೆಯ ಹಿರಿಯರಿಬ್ಬರು ಮನೆಮನೆಗೆ ಬರುವುದು ಬೋಳುಗೋಡೆಯ ಪದ್ಧತಿ. ಮನಸ್ಸಿನಲ್ಲಿ ಭಾರವೇನಾದರೂ ಇದೆಯೇ ಎಂದು ಕೇಳುತ್ತಾರೆ. ಮನೆಯವರು "ಏನಿಲ್ಲ" ಎಂದು ಹೇಳಿ ಕಾಫಿ ಕೊಟ್ಟು ಕಳಿಸುತ್ತಾರೆ. ಯಾರೂ ಏನೂ ಹೇಳುವುದಿಲ್ಲ, ಹೇಳಬಾರದು ಎಂಬುದು ಎಲ್ಲರಿಗೂ ಗೊತ್ತು. ಅಮ್ಮನಿಗೆ ಗೊತ್ತಿರಲಿಲ್ಲ; ಅಲ್ಲಿಯವರೆಗೆ ಹೇಳುವಂಥದ್ದೇನೂ ಅವಳ ಬಳಿ ಇರಲಿಲ್ಲ. ನಾನು ಆರು ವಾರದ ಕೂಸು, ಅವಳ ಮಡಿಲಲ್ಲಿದ್ದೆ. ಬಂದವರಲ್ಲಿ ಒಬ್ಬರು ಗಡಿಯಾರ ರಿಪೇರಿಯವರು, ಅವರನ್ನು ಗಡಿಯಾರದ ಹಿರಿಯರು ಎನ್ನುತ್ತಾರೆ. ಇನ್ನೊಬ್ಬರು ಪೂರ್ತಿ ಕಿವುಡರು, ಅವರು ತಲೆಯಾಡಿಸಲು ಮಾತ್ರ ಬಂದವರು. ಅಂದು ನಡೆದ ಮಾತುಕತೆಯನ್ನು ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಆಮೇಲೆ ಮೂವತ್ತು ವರ್ಷ ಅದನ್ನು ದನಿ ಬದಲಿಸಿ ಬದಲಿಸಿ, ಉಪ್ಪುಖಾರ ಹಚ್ಚಿ ಬಂದವರಿಗೆಲ್ಲ ಬಡಿಸಿದಳು. ಉಪ್ಪುಖಾರ ತೆಗೆದರೆ ಉಳಿಯುವುದು ಇಷ್ಟು.

"ಮನಸ್ಸಿಗೆ ಚುಚ್ಚೋದು ಏನಾದ್ರೂ ಇದೆಯೇನಮ್ಮಾ?" ಎಂದು ಗಡಿಯಾರದ ಹಿರಿಯರು ಕೇಳಿದರು.

"ಇದೆ. ಏಳನೆಯದು. ಎರಡು ಸಲ" ಎಂದಳು ಅಮ್ಮ.

ಅಪ್ಪನ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತಂತೆ. ಬೋಳುಗೋಡೆಯವರಿಗೆ ಏಳನೆಯದು ಎಂದರೆ ವ್ಯಭಿಚಾರ.

"ಎಲ್ಲಿ?"

"ಆಸ್ಪತ್ರೇಲಿ."

"ಯಾಕಮ್ಮಾ ಹೀಗ್ಮಾಡ್ದೆ?"

"ಈ ಮಗುವಿಗೋಸ್ಕರ. ಮನೇಲಿ ಸಿಗಲಿಲ್ಲ, ಅದಕ್ಕೇ."

ಹಿರಿಯರು ಅಪ್ಪನ ಮುಖ ನೋಡಲಾರದೆ ನೆಲ ನೋಡಿದರು. ಕಿವುಡರು ತಲೆಯಾಡಿಸಿದರು.

"ಜೊತೆಗೆ ಯಾರಿದ್ರು?"

"ಅವರ ಹೆಸರು ಹೇಳಲ್ಲ. ಹೇಳಿದ್ರೆ ಅವರ ಕೆಲಸ ಹೋಗುತ್ತೆ. ಅವರಿಗೂ ಮಕ್ಕಳಿದಾರೆ."

ಇಷ್ಟೇ. ಏಳನೆಯದು ಎಂದರೆ ಏನಮ್ಮಾ ಎಂದು ಒಬ್ಬರೂ ಕೇಳಲಿಲ್ಲ. ಮರ್ಯಾದಸ್ಥರು ನೋಡಿ, ಆ ಪದವನ್ನು ಬಾಯಲ್ಲಿ ಹೇಗೆ ಹೇಳಿಯಾರು! ಅಂಕಿ ಇತ್ತಲ್ಲ, ಕೆಲಸ ಸಲೀಸಾಯಿತು. ಗಡಿಯಾರದ ಹಿರಿಯರು ಸಭೆಯ ದಾಖಲೆ ಪುಸ್ತಕದಲ್ಲಿ ಬರೆದುಕೊಂಡರು: ಏಳನೆಯದನ್ನು ಮೀರಿದ್ದಾಳೆ, ಒಪ್ಪಿಕೊಂಡಿದ್ದಾಳೆ, ಜೊತೆಗಾರನ ಹೆಸರು ಹೇಳಲಿಲ್ಲ. ಹೆಸರು ಹೇಳುವವರೆಗೆ ಅವಳು ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರಬೇಕು, ಬಟ್ಟಲು ಮುಟ್ಟಬಾರದು ಎಂದಾಯಿತು.

ಅಮ್ಮ ಕೂತಳು. ವರ್ಷಕ್ಕೆ ನಾಲ್ಕು ಸಲ ಆ ಬಟ್ಟಲು ಅವಳ ಮುಂದಿನ ಬೆಂಚಿನವರೆಗೆ ಬಂದು ಹಿಂದಕ್ಕೆ ತಿರುಗುತ್ತಿತ್ತು. ಅದು ತಿರುಗುವ ಹೊತ್ತಿಗೆ ಅಮ್ಮನ ಕೈ ಮಡಿಲಿನಿಂದ ಒಂದಿಷ್ಟು ಮೇಲಕ್ಕೆದ್ದು ಮತ್ತೆ ಮಡಿಲಿಗೆ ಇಳಿಯುತ್ತಿತ್ತು. ನಾನು ಪಕ್ಕದ ಸಾಲಿನಲ್ಲಿ ಅತ್ತೆಯ ಜೊತೆ ಕೂತು ಅದನ್ನು ನೋಡುತ್ತಿದ್ದೆ. ಪ್ರತಿ ವರ್ಷ ಹಿರಿಯರು ಬಂದು "ಹೆಸರು ಹೇಳ್ತೀಯೇನಮ್ಮಾ?" ಎನ್ನುತ್ತಿದ್ದರು. "ಇಲ್ಲ, ಎಲ್ಲ ನನ್ನ ಮೇಲೇ ಇರಲಿ" ಎನ್ನುತ್ತಿದ್ದಳು. ಎಂಥಾ ಭಂಡಿ ಎಂದು ಬೀದಿ ಮೂಗು ಮುರಿಯಿತು.

ಅಪ್ಪ ಅವಳೊಂದಿಗೆ ಮಾತು ಬಿಟ್ಟರು. ಬಿಟ್ಟರು ಎಂದರೆ ಪೂರ್ತಿ. ಉಪ್ಪು ಬೇಕಿದ್ದರೆ ಅಣ್ಣನಿಗೆ ಹೇಳುವರು, ಅಣ್ಣ ಅಮ್ಮನಿಗೆ ಹೇಳಬೇಕು, ಮೂವರೂ ಒಂದೇ ಮೇಜಿನಲ್ಲಿ ಇರುವಾಗಲೇ. ಅಣ್ಣನಿಗೆ ಈ ಅಂಚೆ ಕೆಲಸ ಸಾಕಾಗಿ ಹದಿನೆಂಟು ತುಂಬಿದ್ದೇ ತಡ ರೈಲ್ವೆ ಸೇರಿ ಹೊರಟುಹೋದ. ಅಮ್ಮ ಕೆಲಸಕ್ಕೆ ಹೋದ ದಾರಿ, ಬಂದ ದಾರಿ, ಎಲ್ಲದರ ಮೇಲೆ ಅತ್ತೆಯ ಕಣ್ಣು. ಅಮ್ಮ ಮನೆಯಲ್ಲಿದ್ದಾಗ ಅಪ್ಪ ಮುಂಬಾಗಿಲಿಗೆ ಬೀಗ ಹಾಕಿಕೊಂಡು ಕೆಲಸದ ಕೊಟ್ಟಿಗೆಗೆ ಹೋಗುತ್ತಿದ್ದರು. ಬೀರು ಮಾತ್ರ ಬಾಗಿಲು ತೆರೆದುಕೊಂಡೇ ಇರುತ್ತಿತ್ತು. "ಇವರದ್ದು ಎಂಥಾ ತಲೆನೋ! ಬೀರುಗೆ ಹಾಕೋ ಬೀಗನ ಬಾಗಿಲಿಗೆ ಹಾಕ್ತಾರೆ" ಎಂದು ಅಮ್ಮ ಒಮ್ಮೆ ನನ್ನೆದುರು ಅಚ್ಚರಿಪಟ್ಟದ್ದುಂಟು. ಅದೇನು ಮಾತೆಂದು ನನಗೆ ಆಗ ತಿಳಿಯಲಿಲ್ಲ. ಅವಳಿಗೊಂದು ವಿಚಿತ್ರ ಅಭ್ಯಾಸವೂ ಇತ್ತು. ಸಂಜೆ ಕೆಲಸದಿಂದ ಬಂದವಳು ಹೊಸ್ತಿಲಲ್ಲಿ ನಿಂತು, ಅಪ್ಪ ಕೂತಿದ್ದ ಕಡೆಗೆ ತಿರುಗಿ, ಕೆಲಸದ ಅಂಗಿಯ ಎರಡೂ ಜೇಬುಗಳನ್ನು ಹೊರಕ್ಕೆಳೆದು ತೋರಿಸಿ ಆಮೇಲೆ ಒಳಗೆ ಬರುವಳು. ದಿನಾ. ಅಪ್ಪ ಮುಖ ತಿರುಗಿಸಿಕೊಳ್ಳುತ್ತಿದ್ದರು. ಮಾಡಿದ್ದಲ್ಲದೆ ಅಣಕ ಬೇರೆ ಎಂದು ಅತ್ತೆ ಹಲ್ಲು ಕಡಿಯುತ್ತಿದ್ದಳು.

ನನ್ನನ್ನು ಅಪ್ಪ ಒಮ್ಮೆಯೂ ಮಗಳೇ ಎನ್ನಲಿಲ್ಲ. "ಅವಳ ಹುಡುಗಿ" ಎನ್ನುತ್ತಿದ್ದರು. ನನ್ನದು ಅಪ್ಪನದೇ ಮೂಗು, ಅಪ್ಪನದೇ ಗದ್ದ. ಕನ್ನಡಿಗೆ ಅದು ಗೊತ್ತಿತ್ತು, ಅಪ್ಪನಿಗೆ ಗೊತ್ತಾಗಲಿಲ್ಲ. ಶಾಲೆಯಲ್ಲಿ ನನಗೆ ಏಳನೆಯವಳು ಎಂದು ಹೆಸರಿಟ್ಟರು. ಕ್ಲಾಸಿನಲ್ಲಿ ಟೀಚರು "ಏಳು" ಎಂದು ಯಾರನ್ನಾದರೂ ಎಬ್ಬಿಸಿದರೆ ಸಾಕು, ಇಡೀ ಕ್ಲಾಸು ನನ್ನ ಕಡೆ ತಿರುಗಿ ಕಿಸಕ್ಕೆನ್ನುತ್ತಿತ್ತು. ಬೆಳಗ್ಗೆ ಅಮ್ಮ "ಏಳು, ಏಳು, ಹೊತ್ತಾಯ್ತು" ಎಂದು ಎಬ್ಬಿಸಿದರೂ ನನಗೆ ಮೈ ಉರಿಯುತ್ತಿತ್ತು.

ಹತ್ತು ವರ್ಷವಾದಾಗ ಧೈರ್ಯ ಮಾಡಿ ಕೇಳಿದೆ. "ಅಮ್ಮಾ, ನೀನು ನಿಜವಾಗ್ಲೂ ಏಳನೆಯದು ಮಾಡಿದ್ಯಾ?"

ಅಮ್ಮ ನನ್ನ ಜಡೆ ಹೆಣೆಯುತ್ತಿದ್ದಳು. ಕೈ ನಿಲ್ಲಿಸದೆ, "ಮಾಡಿದೆ ಕಂದಾ. ನಿನಗೋಸ್ಕರ" ಎಂದಳು.

ನಾನು ಅವಳ ಕೈಯಿಂದ ಜಡೆ ಕಿತ್ತುಕೊಂಡು ಹೊರಗೆ ಓಡಿದೆ. ಆಮೇಲೆ ಮೂವತ್ತು ವರ್ಷ ಆ ಮಾತು ಎತ್ತಲಿಲ್ಲ. ಊರನ್ನು ಬೈಯಲು ಹೊರಟಿದ್ದೇನಲ್ಲ, ಇದನ್ನೂ ಹೇಳಿಬಿಡಬೇಕು. ನಾನೂ ಅಂಕಿಯನ್ನೇ ಕೇಳಿದೆ. ನಾನೂ ಅಂಕಿಯನ್ನೇ ನಂಬಿದೆ.

ಹೋದ ವರ್ಷ ಅಮ್ಮ ಶ್ವಾಸಕೋಶದಲ್ಲಿ ನೀರು ತುಂಬಿ ತಾನು ಚಾದರ ಒಗೆದ ಆಸ್ಪತ್ರೆಯಲ್ಲೇ ಮಲಗಿದಳು. ಮೂರು ವಾರ. ಎರಡನೆಯ ವಾರ ಒಂದು ಮಾತು ಕೇಳಿದಳು. "ಒಂದೇ ಒಂದು ಸಲ ಆ ಬಟ್ಟಲು ನನ್ನ ಕೈಗೆ ಬಂದಿದ್ರೆ ಚೆನ್ನಾಗಿತ್ತು ನೋಡು." ಅವಳು ನನ್ನನ್ನು ಬೇಡಿದ್ದು ಅದೊಂದೇ. ನಾನು ಗಡಿಯಾರದ ಹಿರಿಯರ ಅಂಗಡಿಗೆ ಹೋದೆ. ಎಂಬತ್ತು ದಾಟಿದರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಾರೆ.

"ಹೆಸರು ಹೇಳಿದ್ಲಾ?" ಎಂದರು, ತಲೆ ಎತ್ತದೆ.

"ಇಲ್ಲ. ಸಾಯ್ತಿದಾಳೆ."

"ಹಾಗಾದ್ರೆ ನಮ್ಮ ಕೈಲೇನಿದೆಯಮ್ಮಾ? ಆಜ್ಞೆ ನಮ್ಮದಲ್ಲ, ದೇವರದು."

ಮಂಗಳವಾರ ಬೆಳಗ್ಗೆ ಅಮ್ಮ ಹೋದಳು. ಅದರ ಹಿಂದಿನ ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು, "ಪೆಟ್ಟಿಗೆ ಅಡೀಲಿದೆ. ಚೆನ್ನಾಗಿ ಒಗೆದು ಇಟ್ಟಿದೀನಿ. ವಾಪಸ್ ಕೊಟ್ಬಿಡು" ಎಂದಿದ್ದಳು. ಯಾರದೋ ಟವೆಲ್ಲೋ ಟೋಪಿಯೋ ಇರಬೇಕು ಎಂದುಕೊಂಡು ಹೂಂ ಅಂದಿದ್ದೆ.

ಅಪ್ಪನ ಮನೆತನಕ್ಕೆ ಬೋಳುಗೋಡೆಯ ಸ್ಮಶಾನದಲ್ಲಿ ಒಂದು ದೊಡ್ಡ ಕಲ್ಲಿದೆ. ಅಜ್ಜ, ಅಜ್ಜಿ, ಅತ್ತೆ, ಎಲ್ಲರ ಹೆಸರೂ ಅದರ ಮೇಲಿದೆ. ಅಮ್ಮನ ಹೆಸರು ಕೆತ್ತಬೇಕಲ್ಲ ಎಂದು ಅಪ್ಪನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿದೆ. "ಆ ಕಲ್ಲಲ್ಲಿ ಜಾಗ ಇಲ್ಲ" ಎಂದರು. ಮೂರು ಸಾಲಿನಷ್ಟು ಜಾಗ ಬೋಳಾಗಿ ಬಿದ್ದಿರುವುದನ್ನು ನಾನು ಹಿಂದಿನ ಭಾನುವಾರವೇ ನೋಡಿದ್ದೆ. ಜಗಳವಾಡಲು ಹೆಣ ಕಾಯುವುದಿಲ್ಲ. ಅವಳು ಹುಟ್ಟಿದ ಚರ್ಚಿನಲ್ಲಾದರೂ ಆರಡಿ ನೆಲ ಕೊಡುತ್ತಾರೇನೋ ಎಂದು ಮೇಣದಬತ್ತಿ ಚರ್ಚಿಗೆ ನಡೆದೆ. ಆ ಬಾಗಿಲೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು.

ಗುರುಗಳು ಹೊರಗೆ ಹೋಗಿದ್ದರು. ಪಕ್ಕದ ಕೋಣೆಯಲ್ಲಿ ಮುದುಕಿ ಸಿಸ್ಟರ್ ಒಬ್ಬರು ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಒಪ್ಪಿಸಿಕೊಳ್ಳುತ್ತಿದ್ದರು. "ಬನ್ನಿ, ಕೂತ್ಕೊಳ್ಳಿ, ಈಗ ಬರ್ತಾರೆ" ಎಂದು ಒಂದು ಪುಟ್ಟ ಬೆಂಚು ತೋರಿಸಿದರು. ನಾನು ಮಂಡಿ ಮಡಚಿ ಕೂತೆ.

"ಆರನೆಯದು?" ಎಂದರು ಸಿಸ್ಟರ್.

"ವ್ಯಭಿಚಾರ ಮಾಡಬಾರದು" ಎಂದು ಮಕ್ಕಳು ಅರ್ಥವಾಗದ ಖುಷಿಯಲ್ಲಿ ಕೂಗಿದರು.

"ಏಳನೆಯದು?"

"ಕದಿಯಬಾರದು!"

ನನಗೆ ನಗು ಬಂತು. ಶವಾಗಾರದಲ್ಲಿ ಹೆಣ ಇಟ್ಟುಕೊಂಡು ಬಂದವಳಿಗೆ ನಗು! "ಸಿಸ್ಟರ್, ಮಕ್ಕಳು ತಪ್ಪು ಹೇಳ್ತಿದಾರೆ. ಒಂದೊಂದು ಹಿಂದೆ ಹೋಗಿದೆ" ಎಂದು ತಿದ್ದಿದೆ. ಎಷ್ಟಾದರೂ ಅಪ್ಪನ ಮನೆಯಲ್ಲಿ ಬೆಳೆದವಳು.

ಸಿಸ್ಟರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೀವು ಬೋಳುಗೋಡೆಯವರಾ? ಅದಕ್ಕೇ. ಬೇರೆ ದೇವರು ಬೇಡ ಅನ್ನೋದು ಒಂದು, ವಿಗ್ರಹ ಮಾಡಬೇಡ ಅನ್ನೋದು ಇನ್ನೊಂದು ಅಂತ ನಿಮ್ಮವರು ಎರಡು ಮಾಡ್ತಾರೆ. ನಮಗೆ ಅದು ಒಂದೇ. ಅಲ್ಲಿಂದ ಮುಂದೆ ನಮ್ಮದು ಒಂದೊಂದು ಹಿಂದೆ ಬರುತ್ತೆ. ಕೊನೇಲಿ ಆಸೆಪಡಬೇಡ ಅನ್ನೋದನ್ನ ನಾವು ಎರಡು ಮಾಡಿ ಹತ್ತು ತುಂಬಿಸ್ತೀವಿ. ಮಾತೆಲ್ಲ ಅದೇ. ಎಣಿಸೋದು ಬೇರೆ."

"ದೇವರು ಯಾವ ಎಣಿಕೇಲಿ ಕೊಟ್ಟದ್ದು?"

"ದೇವರು ನಂಬರ್ ಹಾಕಿ ಕೊಡಲಿಲ್ಲಮ್ಮಾ. ನಂಬರ್ ಹಾಕಿಕೊಂಡಿದ್ದು ನಾವು."

ನಾನು ಎದ್ದೆ. ಗುರುಗಳನ್ನು ನೋಡದೆ ಮನೆಗೆ ಬಂದೆ. ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಬಂದದ್ದು ಆಮೇಲೆ ಗೊತ್ತಾಯಿತು.

ಅಮ್ಮನ ಪೆಟ್ಟಿಗೆಯ ಅಡಿಯಲ್ಲಿ ಕಾಗದದಲ್ಲಿ ಸುತ್ತಿದ ಒಂದು ಕಟ್ಟಿತ್ತು. ಬಿಚ್ಚಿದೆ. ಕೂಸನ್ನು ಸುತ್ತುವ ಅಳತೆಗೆ ಕತ್ತರಿಸಿ, ಅಂಚು ಹೊಲಿದ ಬಿಳಿ ಬಟ್ಟೆಗಳು. ಎಂಟು ತುಂಡು. ನೂರಾರು ಸಲ ಕುದಿದ ಹತ್ತಿ, ಬೆಣ್ಣೆಯಷ್ಟು ಮೆತ್ತಗೆ. ಪ್ರತಿ ತುಂಡನ್ನೂ ಗಂಜಿ ಹಾಕದೆ ಇಸ್ತ್ರಿ ಮಾಡಿ ಮಡಚಿಟ್ಟಿದ್ದಳು. ನಾಲ್ಕರ ಅಂಚಿನಲ್ಲಿ ಕೆಂಪು ನೂಲಿನ ಗೆರೆ ಇತ್ತು. ಹದಿನಾರು ವರ್ಷ ಚಾದರಗಳ ನಡುವೆ ಬದುಕಿದವಳು ನಾನು. ತುಂಡುಗಳನ್ನು ಹಾಸಿಗೆಯ ಮೇಲೆ ಜೋಡಿಸಿದೆ. ಎರಡು ಚಾದರ ಸರಿಯಾಗಿ ಕೂತವು.

ಎರಡು ಸಲ. ಆಸ್ಪತ್ರೇಲಿ. ಈ ಮಗುವಿಗೋಸ್ಕರ. ಮನೇಲಿ ಸಿಗಲಿಲ್ಲ.

ಬಸುರಿಯ ಹೊಟ್ಟೆಗೆ ಸುತ್ತಿಕೊಂಡು ತಂದಿರಬೇಕು. ಗೇಟಿನಲ್ಲಿ ಜೇಬು ನೋಡುವ ದೊಡ್ಡಕ್ಕ ಕಣ್ಣು ಬೇರೆ ಕಡೆ ಮಾಡದೆ ಅದು ಸಾಧ್ಯವೇ ಇಲ್ಲ. ದೊಡ್ಡಕ್ಕನಿಗೆ ಗಂಡನಿರಲಿಲ್ಲ, ಮೂರು ಮಕ್ಕಳಿದ್ದರು. ಅವರ ಹೆಸರು ಹೇಳಲ್ಲ, ಹೇಳಿದ್ರೆ ಅವರ ಕೆಲಸ ಹೋಗುತ್ತೆ. ಗೌರವಕ್ಕೆ ಹೇಳಿದ ಆ "ಅವರು" ಹೆಣ್ಣೋ ಗಂಡೋ ಎಂದು ಕೇಳುವ ಪುರುಸೊತ್ತು ಯಾರಿಗಿತ್ತು? ದೊಡ್ಡಕ್ಕ ಸತ್ತು ಹನ್ನೆರಡು ವರ್ಷವಾಯಿತು. ಆಮೇಲಾದರೂ ಹೇಳಬಾರದಿತ್ತೇ ಎಂದು ಅಮ್ಮನ ಮೇಲೂ ಕೋಪ ಉಕ್ಕಿತು. ಆ ಬಟ್ಟೆಗಳನ್ನು ಮುಖಕ್ಕೆ ಒತ್ತಿಕೊಂಡು ಜೋರಾಗಿ ಅತ್ತುಬಿಟ್ಟೆ. ದಿನಾ ಹೊಸ್ತಿಲಲ್ಲಿ ನಿಂತು ಜೇಬು ತೋರಿಸುತ್ತಿದ್ದವಳು ಅಣಕವಾಡುತ್ತಿರಲಿಲ್ಲ. ಇವತ್ತು ಏನೂ ಕದ್ದಿಲ್ಲ ನೋಡಿ ಎನ್ನುತ್ತಿದ್ದಳು. ಈ ಕಡೆಯ ಚರ್ಚಿನವರು ಎರಡು ಹಳೆಯ ಚಾದರಕ್ಕೆ ಇಡೀ ಜನ್ಮ ಶಿಕ್ಷೆ ಕೊಡುವಷ್ಟು ಕಟ್ಟುನಿಟ್ಟು ಎಂದೇ ನಂಬಿ ಸತ್ತಳು. ಅವರ ಬಗ್ಗೆ ಅವಳಿಗಿದ್ದ ಗೌರವಕ್ಕೆ ನನ್ನ ಹೊಟ್ಟೆ ಉರಿಯುತ್ತದೆ.

ಒಂದು ತುಂಡು ಹಿಡಿದು ಮೊದಲು ಗಡಿಯಾರದ ಅಂಗಡಿಗೆ ಹೋದೆ. ಎಲ್ಲ ಹೇಳಿದೆ. ಹಿರಿಯರು ಭೂತಗನ್ನಡಿ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಗೋಡೆಯ ಗಡಿಯಾರಗಳು ಒಂದಕ್ಕೊಂದು ತಾಳೆಯಿಲ್ಲದೆ ಹನ್ನೆರಡು ಹೊಡೆದು ಮುಗಿಸಿದವು.

"ಪುಸ್ತಕದಲ್ಲಿ ಏಳನೆಯದು ಅಂತಷ್ಟೇ ಬರೆದಿದೆ" ಎಂದರು ಕೊನೆಗೆ, ಮುಖದಲ್ಲಿ ನಿರಾಳ ಮೂಡಿಸಿಕೊಂಡು. "ಆ ಪದ ನಾನು ಬರೆದೇ ಇಲ್ಲ. ಹಾಗಾಗಿ ತಿದ್ದೋದು ಏನೂ ಇಲ್ಲಮ್ಮಾ. ದೇವರ ದಯೆ."

"ನಲವತ್ತೊಂದು ವರ್ಷದ್ದೋ?"

"ನೋಡು, ಕಳ್ಳತನಾನೂ ಪಾಪವೇ ತಾನೇ? ಆಜ್ಞೆ ಮೀರಿದ್ದಂತೂ ಹೌದಲ್ಲ?"

ಆ ಮುದುಕನಿಗೆ ಹೊಡೆಯದೆ ಬಂದೆ. ಅದೊಂದು ವಿಷಯದಲ್ಲಿ ನಾನು ಯಾವ ಆಜ್ಞೆಯನ್ನೂ ಮೀರಲಿಲ್ಲ ಎಂದು ಬೇಕಾದರೆ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಅಪ್ಪ ಕೊಟ್ಟಿಗೆಯಲ್ಲಿ ಯಾರದೋ ಕಲ್ಲಿಗೆ ಮರಳುಕಾಗದ ಉಜ್ಜುತ್ತಿದ್ದರು. ಎಪ್ಪತ್ತಾರು ವರ್ಷ. ಹುಬ್ಬಿನ ಮೇಲೆ, ಮೂಗಿನ ಮೇಲೆ, ನನ್ನದೇ ಮೂಗಿನ ಮೇಲೆ, ಕಲ್ಲಿನ ಪುಡಿ. ಎಂಟು ತುಂಡುಗಳನ್ನೂ ಅವರ ಮುಂದಿನ ಕಲ್ಲಿನ ಮೇಲೆ ಹರವಿದೆ.

"ಇದು ಅವಳ ಏಳನೆಯದು" ಎಂದೆ. "ಅವರ ಚರ್ಚಲ್ಲಿ ಏಳನೆಯದು ಅಂದ್ರೆ ಕಳ್ಳತನ. ಎರಡು ಸಲ ಅಂದ್ರೆ ಎರಡು ಚಾದರ. ಜೊತೆಗಿದ್ದವರು ದೊಡ್ಡಕ್ಕ. ಹುಟ್ಟಿದಾಗ ನನ್ನನ್ನ ಇದರಲ್ಲಿ ಸುತ್ತಿದ್ಲು."

ಅಪ್ಪ ಮರಳುಕಾಗದ ಕೆಳಗಿಟ್ಟರು. ಆಮೇಲೆ ಒಂದು ತುಂಡಿನ ಕೆಂಪು ಗೆರೆಯ ಮೇಲೆ ಹೆಬ್ಬೆರಳು ಎಳೆದರು, ಕೆತ್ತಿದ ಅಕ್ಷರದ ಆಳ ನೋಡುವ ಹಾಗೆ.

"ಮೆತ್ತನೆ ಬಟ್ಟೆ ತಂದ್ಕೊಡಿ ಅಂತ ಕೇಳಿದ್ಲು" ಎಂದರು. "ಗೋಣಿತಾಟು ಇದೆಯಲ್ಲ, ಸಾಕು ಅಂದಿದ್ದೆ." ಬೆರಳನ್ನು ಗೆರೆಯಿಂದ ತೆಗೆದು, "ಅವಳು ಹೇಳಬಹುದಿತ್ತು" ಎಂದರು.

"ಅವಳು ಹೇಳಿದ್ಲು. ನೀವು ಕೇಳಬಹುದಿತ್ತು."

"ನಾನು ಏನಂತ ಕೇಳೋದು... ಮಗಳೇ..."

ನಲವತ್ತೊಂದು ವರ್ಷ ಕಾದ ಪದ ಅದು. ಬಂದಾಗ ನನ್ನೊಳಗೆ ಏನೋ ಕರಗುತ್ತದೆ ಎಂದುಕೊಂಡಿದ್ದೆ. ಏನೂ ಕರಗಲಿಲ್ಲ. ಅಮ್ಮ ಶವಾಗಾರದಲ್ಲಿ ಆಸ್ಪತ್ರೆಯ ಚಾದರ ಹೊದ್ದು ಮಲಗಿದ್ದಳು.

"ದೊಡ್ಡ ಕಲ್ಲಲ್ಲಿ ಜಾಗ ಇದೆ" ಎಂದರು ಅಪ್ಪ. "ಈಗಲೇ ಕೆತ್ತಿಬಿಡ್ತೀನಿ. ನನ್ನ ಹೆಸರಿಗೆ ಅಂತ ಇಟ್ಟಿದ್ದ ಜಾಗ."

"ಬೇಡ. ಅವಳು ನಿಮ್ಮ ಕಡೆ ಮಲಗಲ್ಲ. ಬೇರೆ ಕಲ್ಲು ತಗೊಳ್ಳಿ. ಚಿಕ್ಕದು. ಹೆಸರು ಬೇಡ, ತಾರೀಕು ಬೇಡ. ಒಂದೇ ಪದ ಕೆತ್ತಿ. ಏಳು."

ಅವರು ಉಳಿ ಕೈಗೆತ್ತಿಕೊಂಡರು. ಕೆಲಸಗಾರನ ಬಾಯಿಂದ ತಾನಾಗಿಯೇ ಬರುವ ಪ್ರಶ್ನೆ ಬಂತು. "ಅಂಕಿನಾ, ಅಕ್ಷರನಾ?"

"ಅಕ್ಷರ" ಎಂದೆ.

ಎರಡಕ್ಷರಕ್ಕೆ ಅವರಿಗೆ ಎರಡು ದಿನ ಬೇಕಾಯಿತು. ಉಳಿ ತಪ್ಪಿ 'ಳು' ಅಕ್ಷರದ ಬಾಲ ಒಂದೆಡೆ ಜಾರಿದೆ, ನೋಡಿದರೆ ತಿಳಿಯುತ್ತದೆ. ಮೇಣದಬತ್ತಿಯ ಗುರುಗಳು ಒಂದು ಮಾತೂ ಕೇಳದೆ ಬೇಲಿಯ ಪಕ್ಕದಲ್ಲಿ ನೆಲ ಕೊಟ್ಟರು. ಮಣ್ಣು ಮಾಡುವ ಹೊತ್ತಿಗೆ ಕಲ್ಲಿನ ಮುಂದೆ ನಿಂತು, "ಸಮಾಧಿಗೆ ಎಷ್ಟು ಒಳ್ಳೆಯ ಮಾತು. ನಮ್ಮನ್ನೆಲ್ಲ ಒಂದು ದಿನ ಹೀಗೇ ಎಬ್ಬಿಸ್ತಾನಲ್ಲ" ಎಂದು ಮುದುಕಿ ಸಿಸ್ಟರ್ ಕಣ್ಣೊರೆಸಿಕೊಂಡರು. ಬೋಳುಗೋಡೆಯಿಂದ ಬಂದಿದ್ದ ನಾಲ್ಕು ಜನ ಆ ಕಲ್ಲಿನಲ್ಲಿ ಬೇರೆಯದನ್ನು ಓದಿ ತಲೆ ತಗ್ಗಿಸಿದರು. ಓದಲಿ. ಅದಕ್ಕೇ ಕೆತ್ತಿಸಿದ್ದು.

ಬಟ್ಟೆಗಳನ್ನು ಮಾರನೆಯ ದಿನ ಕೆಲಸಕ್ಕೆ ಒಯ್ದೆ. ಕೊಡುವವಳೂ ನಾನೇ, ತೆಗೆದುಕೊಳ್ಳುವವಳೂ ನಾನೇ. ಹೆರಿಗೆ ವಾರ್ಡಿಗೆ ಹೋಗುವ ಬುಟ್ಟಿಯಲ್ಲಿ ಏಳು ತುಂಡು ಹಾಕಿದೆ. ಒಂದನ್ನು ಹಾಕಲಾರದೆ ಜೇಬಿಗೆ ಸೇರಿಸಿದೆ. ಸಂಜೆ ಗೇಟು ದಾಟುವಾಗ ನನ್ನ ಜೇಬು ನೋಡುವವರು ಯಾರೂ ಇರಲಿಲ್ಲ. ಅಮ್ಮನ ಲೆಕ್ಕದಲ್ಲೂ ಅಪ್ಪನ ಲೆಕ್ಕದಲ್ಲೂ ಇದಕ್ಕೆ ಯಾವ ಅಂಕಿ ಬರುತ್ತದೆಂದು ನನಗೆ ಗೊತ್ತು.

ಅಪ್ಪ ಈಗ ಭಾನುವಾರ ಬೋಳುಗೋಡೆಗೆ ಹೋಗುವುದಿಲ್ಲ. ಬೇಲಿಯ ಪಕ್ಕದ ಆ ಕಲ್ಲಿನ ಬಳಿ ನೆಲದ ಮೇಲೆ ಕೂತಿರುತ್ತಾರೆ. ಮೊನ್ನೆ ನಾನು ಹೋದಾಗ ಮಂಡಿ ಹಿಡಿದುಕೊಂಡು ಏಳಲಾಗದೆ ಒದ್ದಾಡುತ್ತಿದ್ದರು. ನನ್ನನ್ನು ನೋಡಿ ಕೈ ಚಾಚಿದರು.

"ಮಗಳೇ, ಸ್ವಲ್ಪ ಹಿಡ್ಕೋ."

"ಏಳಿ" ಎಂದೆ. ಕೈ ಕೊಡಲಿಲ್ಲ.

ತಾವು ಕೆತ್ತಿದ ಕಲ್ಲನ್ನೇ ಹಿಡಿದುಕೊಂಡು ಎದ್ದರು.